ಹಿಮ ಚಿರತೆಗಳ ಲೆಕ್ಕ ಏರಿದೆ, ಹಾಗಂದ್ರೆ ಪ್ರಾಣಿಗಳೂ ಜಾಸ್ತಿ ಆಗಿವೆಯಾ?

2025ರ ಅಕ್ಟೋಬರ್‌ನಲ್ಲಿ ಹಿಮಾಚಲ ಪ್ರದೇಶದಿಂದ ಒಂದು ಸಂತೋಷದ ಸುದ್ದಿ ಬಂತು. ರಾಜ್ಯದಲ್ಲಿ ಈಗ 83 ಹಿಮ ಚಿರತೆಗಳಿವೆ ಎಂದು ಅಲ್ಲಿನ ಅರಣ್ಯ ಇಲಾಖೆಯ ಸಮೀಕ್ಷೆ ಅಂದಾಜು ಮಾಡಿತ್ತು. 2021ರ ಅಂದಾಜು 51. ನಾಲ್ಕು ವರ್ಷದಲ್ಲಿ ಶೇ 62ರಷ್ಟು ಏರಿಕೆ ಎಂದು ಪತ್ರಿಕೆಗಳು ಬರೆದವು. ಇದಕ್ಕೂ ಮೊದಲು, 2024ರ ಜನವರಿ 30ರಂದು, ಕೇಂದ್ರ ಸರ್ಕಾರ ಇಡೀ ದೇಶದ ಮೊದಲ ಲೆಕ್ಕವನ್ನು ಪ್ರಕಟಿಸಿತ್ತು. ಅದರ ಪ್ರಕಾರ ಭಾರತದಲ್ಲಿ 718 ಹಿಮ ಚಿರತೆಗಳಿವೆ. ಭೂತಾನ್ ತನ್ನ ಸಂಖ್ಯೆ 96ರಿಂದ 134ಕ್ಕೆ ಏರಿದೆ ಎಂದು 2023ರಲ್ಲಿ ಹೇಳಿತು. ನೇಪಾಳ 2025ರಲ್ಲಿ 397 ಎಂದಿತು.

ಇನ್ನೊಂದು ಕಡೆ ಅದೇ ಪತ್ರಿಕೆಗಳಲ್ಲಿ ಹಿಮ ಚಿರತೆ ಅಪಾಯದಲ್ಲಿದೆ, ಹವಾಮಾನ ಬದಲಾವಣೆ ಅದರ ನೆಲೆಯನ್ನು ಕಸಿಯುತ್ತಿದೆ ಎಂಬ ವರದಿಗಳೂ ಬರುತ್ತವೆ. ಎರಡನ್ನೂ ಓದಿದವರಿಗೆ ಗೊಂದಲ ಆಗುವುದು ಸಹಜ ಅಲ್ವಾ? ಸಂಖ್ಯೆ ಏರುತ್ತಿದ್ದರೆ ಅಪಾಯ ಎಲ್ಲಿಂದ ಬಂತು? ಇದಕ್ಕೆ ಉತ್ತರ ಬೇಕಿದ್ದರೆ ಮೊದಲು ಈ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂದು ನೋಡಬೇಕು.

ಕಣ್ಣಿಗೆ ಬೀಳದ ಪ್ರಾಣಿಯನ್ನು ಎಣಿಸುವ ಬಗೆ

ಹಿಮ ಚಿರತೆ ಸಾಮಾನ್ಯವಾಗಿ 3,000 ಮೀಟರ್‌ಗಿಂತ ಎತ್ತರದ ಬಂಡೆ, ಕಡಿದಾದ ಇಳಿಜಾರುಗಳಲ್ಲಿ ಬದುಕುತ್ತದೆ. ಬೂದು ಬಿಳುಪಿನ ಮೈ, ಅದರ ಮೇಲೆ ಮಸುಕಾದ ಕಪ್ಪು ಬಳೆಗಳು. ಬಂಡೆಯ ಮೇಲೆ ಸುಮ್ಮನೆ ಕೂತರೆ ಎದುರಿಗಿದ್ದವರಿಗೂ ಕಾಣದು. ನೇರವಾಗಿ ನೋಡಿ ಎಣಿಸುವ ಮಾತೇ ಇಲ್ಲ.

ಹಾಗಾಗಿ ಕ್ಯಾಮೆರಾ ಟ್ರ್ಯಾಪ್ ಬಳಸುತ್ತಾರೆ. ಪ್ರಾಣಿ ಓಡಾಡುವ ದಾರಿಯಲ್ಲಿ ಕ್ಯಾಮೆರಾ ಕಟ್ಟುತ್ತಾರೆ, ಎದುರಿಗೆ ಏನಾದರೂ ಹಾದುಹೋದರೆ ಅದು ತಾನಾಗಿಯೇ ಚಿತ್ರ ತೆಗೆಯುತ್ತದೆ. ಪ್ರತಿ ಚಿರತೆಯ ಮೈಮೇಲಿನ ಗುರುತುಗಳು ಬೇರೆ ಬೇರೆ. ಯಾವ ಪ್ರಾಣಿ ಎಷ್ಟು ಸಲ, ಎಲ್ಲೆಲ್ಲಿ ಸಿಕ್ಕಿತು ಎಂದು ನೋಡಿ, ಸಿಗದೇ ಉಳಿದವು ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾರೆ. ದೊಡ್ಡ ಬೆಕ್ಕುಗಳನ್ನು ಹೀಗೆ ಎಣಿಸುವ ದಾರಿ ತೆರೆದುಕೊಂಡಿದ್ದು ನಮ್ಮ ನಾಗರಹೊಳೆಯಲ್ಲಿ. 1990ರ ದಶಕದ ಮೊದಲ ಭಾಗದಲ್ಲಿ ಉಲ್ಲಾಸ ಕಾರಂತರು ಹುಲಿಗಳ ಪಟ್ಟೆ ಗುರುತಿಸಿ ಈ ಲೆಕ್ಕ ಮಾಡಿ ತೋರಿಸಿದರು. ಹಿಮಾಚಲದ ಸಮೀಕ್ಷೆಯಲ್ಲಿ ಅರಣ್ಯ ಇಲಾಖೆಯ ಜೊತೆ ಕೆಲಸ ಮಾಡಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕೂಡ ಮೈಸೂರಿನ ಸಂಸ್ಥೆ.

ಆದರೆ ಹುಲಿಯ ಪಟ್ಟೆಯಷ್ಟು ಸುಲಭವಾಗಿ ಹಿಮ ಚಿರತೆಯ ಗುರುತು ಓದಲಾಗುವುದಿಲ್ಲ. ಅದರ ತುಪ್ಪಳ ಉದ್ದ, ದಟ್ಟ. ಮೈ ಬಾಗಿದಂತೆ ಬಳೆಗಳ ಆಕಾರವೂ ಬದಲಾದಂತೆ ಕಾಣುತ್ತದೆ. ಎಡಮೈಯ ಗುರುತು ಬಲಮೈಯಲ್ಲಿ ಇರುವುದಿಲ್ಲ. ಎಷ್ಟೋ ಚಿತ್ರಗಳು ರಾತ್ರಿಯವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೃಗಾಲಯಗಳಲ್ಲಿರುವ 16 ಹಿಮ ಚಿರತೆಗಳ ಚಿತ್ರಗಳನ್ನು ಜನರಿಗೆ ಕೊಟ್ಟು ಇವು ಎಷ್ಟು ಪ್ರಾಣಿಗಳು ಎಂದು ಕೇಳಿದರು. ಒಂದೇ ಪ್ರಾಣಿಯ ಎರಡು ಚಿತ್ರಗಳನ್ನು ಎರಡು ಬೇರೆ ಪ್ರಾಣಿ ಎಂದುಕೊಳ್ಳುವ ತಪ್ಪೇ ಜಾಸ್ತಿಯಾಗಿತ್ತು. ಪರಿಣಾಮವಾಗಿ ಒಟ್ಟು ಸಂಖ್ಯೆ ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚಾಗಿ ಬಂತು. ಇಂಥ ತಪ್ಪು ಎರಡೂ ಕಡೆ ವಾಲುವುದಿಲ್ಲ, ಹೆಚ್ಚಾಗಿ ಮೇಲಕ್ಕೇ ವಾಲುತ್ತದೆ. ಆಮೇಲಿನ ಸಮೀಕ್ಷೆಗಳಲ್ಲಿ ಒಂದೇ ಚಿತ್ರವನ್ನು ಹಲವರು ಬೇರೆ ಬೇರೆಯಾಗಿ ನೋಡಿ ತಾಳೆ ಹಾಕುವುದಕ್ಕೆ ಒತ್ತು ಕೊಡಲು ಇದೂ ಒಂದು ಕಾರಣ.

ಇನ್ನೊಂದು ತೊಡಕಿದೆ. ಚಿರತೆ ಸಿಗುವ ಒಳ್ಳೆಯ ಜಾಗದಲ್ಲೇ ಕ್ಯಾಮೆರಾ ಕಟ್ಟಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲಿ ಸಿಕ್ಕ ದಟ್ಟಣೆಯನ್ನೇ ಇಡೀ ಬೆಟ್ಟಸಾಲಿಗೆ ಹರಡಿದರೆ ಇಲ್ಲದ ಪ್ರಾಣಿಗಳು ಕಾಗದದ ಮೇಲೆ ಹುಟ್ಟಿಕೊಳ್ಳುತ್ತವೆ. ಹಳೆಯ ಎಷ್ಟೋ ಅಂದಾಜುಗಳ ದೋಷ ಇದೇ. ಅದಕ್ಕೇ ಹೊಸ ವಿಧಾನದಲ್ಲಿ ಎರಡು ಹಂತಗಳಿವೆ. ಮೊದಲು ಕಾಲ್ನಡಿಗೆಯಲ್ಲಿ ಹೋಗಿ ಹೆಜ್ಜೆ, ಹಿಕ್ಕೆ, ಕೆರೆದ ಗುರುತು ಹುಡುಕಿ ಎಲ್ಲಿ ಪ್ರಾಣಿ ಇದೆ, ಎಲ್ಲಿ ಕಡಿಮೆ ಎಂದು ವಿಂಗಡಿಸುತ್ತಾರೆ. ಆಮೇಲೆ ಎರಡೂ ಬಗೆಯ ಜಾಗಗಳಲ್ಲಿ ಕ್ಯಾಮೆರಾ ಕಟ್ಟುತ್ತಾರೆ. 2019ರಿಂದ 2023ರವರೆಗೆ ನಡೆದ ದೇಶದ ಲೆಕ್ಕದಲ್ಲಿ 13,450 ಕಿ.ಮೀ. ದಾರಿ ನಡೆದು, 1,971 ಕಡೆ ಕ್ಯಾಮೆರಾ ಇಟ್ಟರು. ಇಷ್ಟು ಮಾಡಿದ ಮೇಲೆ ಚಿತ್ರದಲ್ಲಿ ಬೇರೆ ಬೇರೆಯಾಗಿ ಗುರುತಿಸಲು ಆಗಿದ್ದು 241 ಚಿರತೆಗಳನ್ನು. ಉಳಿದದ್ದು ಲೆಕ್ಕಾಚಾರದಿಂದ ಬಂದದ್ದು. ಇದು ಕಳ್ಳ ಲೆಕ್ಕವಲ್ಲ, ಕಾಣದ ಪ್ರಾಣಿಗೆ ಇರುವ ಅತ್ಯಂತ ಪ್ರಾಮಾಣಿಕ ಲೆಕ್ಕ ಇದೇ. ಆದರೆ ಒಂದೊಂದಾಗಿ ಎಣಿಸಿದ ತಲೆಗಳು 718 ಅಲ್ಲ ಎನ್ನುವುದು ನೆನಪಿರಬೇಕು.

51 ಮತ್ತು 83ರ ನಡುವೆ ಏನಿದೆ

ಇಂಥ ಪ್ರತಿ ಅಂದಾಜಿಗೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಇರುತ್ತದೆ. ಸುದ್ದಿಯ ಶೀರ್ಷಿಕೆಯಲ್ಲಿ ಅದು ಬರುವುದಿಲ್ಲ. ಹಿಮಾಚಲದ 2021ರ ಅಂದಾಜು ನಿಜವಾಗಿ 34ರಿಂದ 73, ಅದರ ನಡುವಿನ ಸಂಖ್ಯೆ 51. 2025ರದ್ದು 67ರಿಂದ 103, ನಡುವಿನ ಸಂಖ್ಯೆ 83. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 67ರಿಂದ 73ರವರೆಗೆ ಎರಡೂ ಒಂದರ ಮೇಲೊಂದು ಬರುತ್ತವೆ. ಅಂದರೆ ಏರಿಕೆ ಆಗಿರುವ ಸಾಧ್ಯತೆ ಹೆಚ್ಚೇ ಇದೆ, ಆದರೆ ಶೇ 62 ಎಂದು ಬೆರಳಿಟ್ಟು ಹೇಳುವಷ್ಟು ಖಚಿತವಲ್ಲ. ಮೊದಲ ಸಲ ಹತ್ತು ಪ್ರದೇಶಗಳಲ್ಲಿ ಕ್ಯಾಮೆರಾ ಇಟ್ಟಿದ್ದರು, ಎರಡನೇ ಸಲ ಆರು ಪ್ರದೇಶಗಳಲ್ಲಿ. ಹೋಲಿಕೆ ಮಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮಂದ ದೀಪದ ಕೋಣೆಗೆ ದೊಡ್ಡ ಬಲ್ಬ್ ಹಾಕಿದರೆ ಮೂಲೆಯ ಸಾಮಾನೂ ಕಾಣುತ್ತದೆ. ಹಾಗೆಂದು ಸಾಮಾನು ಹೆಚ್ಚಾಯಿತು ಎನ್ನಲಾಗದು. ಭಾರತದ ಹಿಮ ಚಿರತೆ ನೆಲೆಯಲ್ಲಿ 2016ರವರೆಗೆ ಪ್ರಾಥಮಿಕ ಮಾಹಿತಿ ಇದ್ದದ್ದು ಶೇ 56ರಷ್ಟು ಪ್ರದೇಶಕ್ಕೆ ಮಾತ್ರ. ಈಗ ಅದು ಶೇ 80. ದೇಶದ 718 ಚಿರತೆಗಳಲ್ಲಿ 477 ಲಡಾಖ್‌ನಲ್ಲಿ, 124 ಉತ್ತರಾಖಂಡದಲ್ಲಿ, ಉಳಿದವು ಹಿಮಾಚಲ, ಅರುಣಾಚಲ, ಸಿಕ್ಕಿಂ ಮತ್ತು ಜಮ್ಮು ಕಾಶ್ಮೀರದಲ್ಲಿ ಹಂಚಿಹೋಗಿವೆ. ಇದು ದೇಶದ ಮೊದಲ ಲೆಕ್ಕ. ಮೊದಲ ಲೆಕ್ಕವನ್ನು ಹೋಲಿಸಲು ಹಿಂದಿನದು ಏನೂ ಇಲ್ಲ. ಹಾಗಾಗಿ ದೇಶದಲ್ಲಿ ಹಿಮ ಚಿರತೆ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎನ್ನುವುದಕ್ಕೆ 718 ಉತ್ತರ ಕೊಡುವುದಿಲ್ಲ.

2017ರ ಜಗಳ ಇನ್ನೂ ಮುಗಿದಿಲ್ಲ

ಗೊಂದಲದ ಇನ್ನೊಂದು ಬೇರು ಹಳೆಯದು. ಪ್ರಾಣಿಗಳ ಸ್ಥಿತಿಯನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಹಿಮ ಚಿರತೆಯನ್ನು 1972ರಿಂದಲೂ 'ಅಳಿವಿನಂಚಿನಲ್ಲಿರುವ' ಗುಂಪಿನಲ್ಲಿ ಇಟ್ಟಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಒಂದು ಮೆಟ್ಟಿಲು ಇಳಿಸಿ 'ಅಪಾಯಕ್ಕೆ ಸುಲಭವಾಗಿ ಈಡಾಗಬಲ್ಲ' ಗುಂಪಿಗೆ ಸೇರಿಸಿತು.

ಇಳಿಸಿದವರ ವಾದ ನಿಯಮದ ಮೇಲೆ ನಿಂತಿತ್ತು. ಮೇಲಿನ ಗುಂಪಿನಲ್ಲಿ ಉಳಿಯಬೇಕಾದರೆ ಮರಿಹಾಕುವ ವಯಸ್ಸಿನ ಪ್ರಾಣಿಗಳು 2,500ಕ್ಕಿಂತ ಕಡಿಮೆ ಇರಬೇಕು, ಇಳಿಕೆಯೂ ಜೋರಾಗಿರಬೇಕು. ಇರುವ ಮಾಹಿತಿ ನೋಡಿದರೆ ಅಂಥ ಪ್ರಾಣಿಗಳು 2,500ಕ್ಕಿಂತ ಹೆಚ್ಚು, 10,000ಕ್ಕಿಂತ ಕಡಿಮೆ ಇವೆ, ಇಳಿಕೆ ಇದೆ ಆದರೆ ಅಷ್ಟು ವೇಗವಾಗಿಲ್ಲ ಎಂದು ಅವರು ಹೇಳಿದರು. ಇದನ್ನು ಬರೆದವರೂ ದಶಕಗಟ್ಟಲೆ ಹಿಮ ಚಿರತೆಗಾಗಿ ದುಡಿದವರೇ.

ವಿರೋಧಿಸಿದವರಲ್ಲಿ ಹಿಮ ಚಿರತೆ ಸಂರಕ್ಷಣೆಗೆ ದುಡಿಯುವ ಸಂಸ್ಥೆ ಸ್ನೋ ಲೆಪರ್ಡ್ ಟ್ರಸ್ಟ್ ಮುಂಚೂಣಿಯಲ್ಲಿತ್ತು. ಹನ್ನೆರಡು ದೇಶಗಳಲ್ಲಿ ಹರಡಿರುವ ನೆಲೆಯಲ್ಲಿ ಸರಿಯಾಗಿ ಸಮೀಕ್ಷೆ ಆಗಿರುವುದು ತೀರಾ ಸಣ್ಣ ಪಾಲು, ಅದೂ ಹೆಚ್ಚಾಗಿ ಒಳ್ಳೆಯ ಜಾಗಗಳಲ್ಲಿ, ಅದನ್ನು ಹಿಗ್ಗಿಸಿ ಇಷ್ಟು ದೊಡ್ಡ ತೀರ್ಮಾನ ಮಾಡುವುದು ತಪ್ಪು ಎಂಬುದು ಅವರ ವಾದ. ನನಗೆ ಈ ಎರಡನೇ ವಾದ ಗಟ್ಟಿ ಅನಿಸುತ್ತದೆ. ಕಾರಣ, ಆಮೇಲೆ ನಡೆದ ಕೆಲಸವೆಲ್ಲ ಅದನ್ನೇ ಹೇಳುತ್ತಿದೆ. ಜಗತ್ತಿನ ಹಿಮ ಚಿರತೆಗಳನ್ನು ಒಂದೇ ಅಳತೆಯಲ್ಲಿ ಎಣಿಸುವ ದೊಡ್ಡ ಪ್ರಯತ್ನ ಆ ಜಗಳದ ನಂತರವೇ ವೇಗ ಪಡೆಯಿತು. ಮಂಗೋಲಿಯಾ 2021ರಲ್ಲಿ 953 ಎಂದು ಲೆಕ್ಕ ಕೊಟ್ಟಿತು.

ಭಾರತದ ಮಟ್ಟಿಗೆ ಐಯುಸಿಎನ್ ಪಟ್ಟಿ ಬದಲಾದರೂ ಕಾನೂನು ಬದಲಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಹಿಮ ಚಿರತೆ ಇದೆ, ಹುಲಿಗಿರುವ ರಕ್ಷಣೆಯೇ ಇದಕ್ಕೂ ಇದೆ.

ನಿಧಾನವಾಗಿ ಹೆಚ್ಚುವ ಪ್ರಾಣಿ

ಹೆಣ್ಣು ಹಿಮ ಚಿರತೆ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಅಥವಾ ಮೂರು ಮರಿ ಹಾಕುತ್ತದೆ. ಮರಿಗಳು ಸುಮಾರು ಒಂದೂವರೆ ಎರಡು ವರ್ಷ ತಾಯಿಯ ಜೊತೆಗೇ ಇರುತ್ತವೆ. ಆಮೇಲೆ ಸ್ವಂತ ಜಾಗ ಹುಡುಕಬೇಕು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಜಿಪಿಎಸ್ ಪಟ್ಟಿ ಹಾಕಿ ನೋಡಿದಾಗ ಒಂದು ಗಂಡಿಗೆ ಸುಮಾರು 200 ಚದರ ಕಿ.ಮೀ. ಬೇಕು ಎಂದು ಗೊತ್ತಾಯಿತು. ಜಗತ್ತಿನಲ್ಲಿ ಹಿಮ ಚಿರತೆ ಇರುವ 170 ಸಂರಕ್ಷಿತ ಪ್ರದೇಶಗಳಲ್ಲಿ ಶೇ 40ರಷ್ಟು ಅದಕ್ಕಿಂತ ಚಿಕ್ಕವು.

ಇದರ ಅರ್ಥ ದೊಡ್ಡದು. ಬೇಲಿ ಹಾಕಿದ ಕಾಡಿನೊಳಗೆ ಹಿಮ ಚಿರತೆಯನ್ನು ಉಳಿಸಲು ಆಗುವುದಿಲ್ಲ. ಅದು ಓಡಾಡುವುದು ಜನ ಕುರಿ, ಮೇಕೆ, ಯಾಕ್ ಮೇಯಿಸುವ ಬೆಟ್ಟಗಳಲ್ಲೇ.

2025ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಮತ್ತೊಂದು ವಿಷಯ ಹೇಳಿತು. ದೊಡ್ಡ ಬೆಕ್ಕುಗಳಲ್ಲೇ ಹಿಮ ಚಿರತೆಯ ವಂಶವಾಹಿ ವೈವಿಧ್ಯ ಅತಿ ಕಡಿಮೆ, ಚೀತಾಗಿಂತಲೂ ಕಡಿಮೆ. ಇತ್ತೀಚೆಗೆ ಹಠಾತ್ತನೆ ಕುಸಿದದ್ದು ಇದಕ್ಕೆ ಕಾರಣವಲ್ಲ, ತುಂಬಾ ಹಿಂದಿನಿಂದಲೂ ಈ ಪ್ರಾಣಿಯ ಸಂಖ್ಯೆ ಕಡಿಮೆಯೇ ಇತ್ತು. ಇಷ್ಟು ಕಾಲ ಹಾಗೆ ಬದುಕಿ ಬಂದದ್ದರಿಂದ ಕೆಟ್ಟ ಗುಣಗಳು ಸೋಸಿಹೋಗಿ ಅದು ಆರೋಗ್ಯವಾಗಿಯೇ ಇದೆ. ಆದರೆ ಹೊಸ ರೋಗವೋ ಬಿಸಿಯೋ ಬಂದರೆ ಹೊಂದಿಕೊಳ್ಳಲು ಬೇಕಾದ ಬಂಡವಾಳ ಕಡಿಮೆ.

ಹೆಚ್ಚಾದರೆ ಖರ್ಚು ಯಾರ ತಲೆಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಮಾಚಲದಲ್ಲಿ ಸಂಖ್ಯೆ ನಿಜವಾಗಿಯೂ ಏರಿದೆ ಎಂದೇ ಇಟ್ಟುಕೊಳ್ಳಿ. ಮುಂದೇನು?

ಸಾಮಾನ್ಯ ನಂಬಿಕೆ ಹೀಗಿದೆ: ಕಾಡುಕುರಿಗಳು ಹೆಚ್ಚಿದರೆ ಚಿರತೆಗೆ ಹೊಟ್ಟೆ ತುಂಬುತ್ತದೆ, ಊರಿನ ಜಾನುವಾರುಗಳ ತಂಟೆಗೆ ಬರುವುದಿಲ್ಲ. ಅಧ್ಯಯನಗಳು ಇದನ್ನು ಒಪ್ಪುವುದಿಲ್ಲ. ಹಿಮಾಚಲದ ಸ್ಪಿತಿ ಕಣಿವೆ ಮತ್ತು ಮಂಗೋಲಿಯಾದಲ್ಲಿ ಕಂಡದ್ದು ಬೇರೆ. ಭರಲ್, ಐಬೆಕ್ಸ್‌ನಂಥ ಕಾಡು ಮೇಕೆ ಕುರಿಗಳು ಹೆಚ್ಚಾದ ಕಡೆ ಹಿಮ ಚಿರತೆಗಳೂ ಹೆಚ್ಚಾಗುತ್ತವೆ. ಚಿರತೆಗಳು ಹೆಚ್ಚಾದಾಗ ಜಾನುವಾರು ನಷ್ಟ ಕಡಿಮೆಯಾಗುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಅಂದರೆ ಸಂರಕ್ಷಣೆ ಗೆದ್ದಷ್ಟೂ ಕುರಿ ಮೇಯಿಸುವವರ ಹೊರೆ ಹೆಚ್ಚುತ್ತದೆ.

ಈ ಹೊರೆ ಸಣ್ಣದಲ್ಲ. 1990ರ ದಶಕದಲ್ಲಿ ಸ್ಪಿತಿಯ ಕಿಬ್ಬರ್ ಹಳ್ಳಿಯ ಸುತ್ತಮುತ್ತ ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರಾ ನಡೆಸಿದ ಅಧ್ಯಯನದಲ್ಲಿ, ಒಂದು ಕುಟುಂಬಕ್ಕೆ ವರ್ಷಕ್ಕೆ ಆಗುತ್ತಿದ್ದ ಜಾನುವಾರು ನಷ್ಟ ಅಲ್ಲಿನ ಒಬ್ಬ ವ್ಯಕ್ತಿಯ ಸರಾಸರಿ ವಾರ್ಷಿಕ ಆದಾಯದ ಅರ್ಧದಷ್ಟಿತ್ತು. ರಾತ್ರಿ ದೊಡ್ಡಿಗೆ ನುಗ್ಗಿದ ಚಿರತೆ ಒಂದು ಕುರಿಗೆ ನಿಲ್ಲಿಸುವುದಿಲ್ಲ. ಗಾಬರಿಯಿಂದ ಸುತ್ತ ಓಡುವ ಪ್ರಾಣಿಗಳ ಮಧ್ಯೆ ಸಿಕ್ಕಿಕೊಂಡು ಹತ್ತಾರು ಕುರಿಗಳನ್ನು ಕೊಲ್ಲುವುದುಂಟು. ಒಂದೇ ರಾತ್ರಿಯಲ್ಲಿ ಒಂದು ಮನೆಯ ಬದುಕು ಮುಗಿದಂತೆ. ಆಗ ಆ ಮನೆಯವರಿಗೆ ಬರುವ ಸಿಟ್ಟನ್ನು ದೂರದಲ್ಲಿ ಕೂತವರು ಕ್ರೌರ್ಯ ಎಂದು ಕರೆಯುವುದು ಅನ್ಯಾಯ.

ಆ ಸಿಟ್ಟಿನ ಫಲವೂ ದಾಖಲಾಗಿದೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2016ರಲ್ಲಿ ಕೊಟ್ಟ ವರದಿಯ ಪ್ರಕಾರ 2008ರಿಂದ ವರ್ಷಕ್ಕೆ 221ರಿಂದ 450 ಹಿಮ ಚಿರತೆಗಳು ಕೊಲ್ಲಲ್ಪಟ್ಟಿವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾನುವಾರು ಕೊಂದದ್ದಕ್ಕೆ ಸೇಡಿಗಾಗಿ. ಚರ್ಮ, ಮೂಳೆಯ ಆಸೆಗೆ ಕೊಂದದ್ದು ಸುಮಾರು ಐದರಲ್ಲಿ ಒಂದು ಪಾಲು. ಕಳ್ಳಬೇಟೆ ತಡೆಯುವುದು ಬೇಕೇ ಬೇಕು, ಆದರೆ ದೊಡ್ಡ ಪೆಟ್ಟು ಬೀಳುತ್ತಿರುವುದು ದೊಡ್ಡಿಯ ಬಾಗಿಲಲ್ಲಿ.

ಕಿಬ್ಬರ್‌ನಲ್ಲಿ ಏನು ಕೆಲಸ ಮಾಡಿತು

ಕಿಬ್ಬರ್‌ನಲ್ಲಿ 1998ರಲ್ಲಿ ಊರವರ ಜೊತೆ ಒಂದು ಒಪ್ಪಂದ ಆಯಿತು. ಸುಮಾರು 5 ಚದರ ಕಿ.ಮೀ. ಹುಲ್ಲುಗಾವಲಿನಲ್ಲಿ ಜಾನುವಾರು ಮೇಯಿಸುವುದಿಲ್ಲ ಎಂದು ಊರು ಒಪ್ಪಿತು. ಬಿಟ್ಟುಕೊಟ್ಟ ಮೇವಿಗೆ ಬದಲಾಗಿ ಊರಿಗೆ ಹಣ ಬಂತು. ಕೆಲವೇ ವರ್ಷಗಳಲ್ಲಿ ಅಲ್ಲಿ ಭರಲ್ ಸಂಖ್ಯೆ ಏರಿತು. ಆದರೆ ಭರಲ್ ಹೆಚ್ಚಾದರೆ ಚಿರತೆಯೂ ಬರುತ್ತದೆ ಎಂದು ಆಗಲೇ ನೋಡಿದೆವಲ್ಲ, ಹಾಗಾಗಿ ಮೇವಿನ ಒಪ್ಪಂದ ಒಂದೇ ಸಾಲದು. 2002ರಲ್ಲಿ ಜಾನುವಾರು ವಿಮೆ ಶುರುವಾಯಿತು.

ಈ ವಿಮೆ ಏಕೆ ಉಳಿದುಕೊಂಡಿತು ಎಂಬುದು ಗಮನಿಸಬೇಕಾದ ಸಂಗತಿ. ಕಂತು ಕಟ್ಟುವವರು ಊರಿನವರು, ಹೊರಗಿನ ನೆರವೂ ನಿಧಿಗೆ ಸೇರುತ್ತದೆ. ಯಾವ ಯಾಕ್ ಚಿರತೆಯಿಂದ ಸತ್ತಿತು, ಯಾವುದು ರೋಗದಿಂದ ಸತ್ತಿತು ಎಂದು ತೀರ್ಮಾನಿಸುವುದೂ ಊರಿನ ಸಮಿತಿ. ಸುಳ್ಳು ಹೇಳಿದರೆ ನಷ್ಟ ಆಗುವುದು ಪಕ್ಕದ ಮನೆಯವರಿಗೆ. ಹಾಗಾಗಿ ಸುಳ್ಳು ಕಡಿಮೆ. ಸರ್ಕಾರಿ ಪರಿಹಾರದಲ್ಲಿ ಅರ್ಜಿ, ಫೋಟೊ, ಪಶುವೈದ್ಯರ ಪತ್ರ, ಆಮೇಲೆ ಕಾಯುವುದು. ಆನೆ ತುಳಿದ ಗದ್ದೆಗೆ, ಚಿರತೆ ಎಳೆದ ಹಸುವಿಗೆ ಪರಿಹಾರ ಕೇಳಿ ಅಲೆದ ನಮ್ಮ ಮಲೆನಾಡಿನವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಲಡಾಖ್‌ನಲ್ಲಿ ಇನ್ನೂ ಸರಳವಾದ ಕೆಲಸ ಪರಿಣಾಮ ಕೊಟ್ಟಿದೆ. ದೊಡ್ಡಿಯ ಗೋಡೆ ಎತ್ತರಿಸಿ, ಮೇಲೆ ತಂತಿ ಬಲೆ ಹಾಸಿ, ಗಟ್ಟಿ ಬಾಗಿಲು ಇಡುವುದು. ಹತ್ತಾರು ಕುರಿ ಸಾಯುವ ರಾತ್ರಿಗಳು ಇದರಿಂದ ತಪ್ಪುತ್ತವೆ. ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್‌ನಂಥ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳೂ ಬಂದಿವೆ. ಚಿರತೆ ನೋಡಲು ಬರುವವರ ಹಣ ಮನೆಗೆ ಸೇರುತ್ತದೆ. ಆದರೆ ಹೋಮ್‌ಸ್ಟೇ ಎಲ್ಲ ಕಡೆಯೂ ನಡೆಯುವುದಿಲ್ಲ. ರಸ್ತೆಯಿಂದ ದೂರದ ಊರಿನಲ್ಲಿ ಚಿರತೆಯ ನಷ್ಟ ಇರುತ್ತದೆ, ಪ್ರವಾಸಿಗಳ ಹಣ ಇರುವುದಿಲ್ಲ.

ನಾಯಿ, ಪಾಶ್ಮಿನಾ, ಸೋಲಾರ್

ಹಿಮ ಚಿರತೆಯ ಬೆಟ್ಟಗಳ ಮೇಲೆ ಇನ್ನೂ ಮೂರು ಒತ್ತಡಗಳಿವೆ. ಪ್ರವಾಸಿಗಳು ಮತ್ತು ಸೇನಾ ನೆಲೆಗಳ ಕಸದಿಂದ ಲಡಾಖ್, ಸ್ಪಿತಿಯಲ್ಲಿ ಬೀದಿನಾಯಿಗಳು ವಿಪರೀತ ಹೆಚ್ಚಿವೆ. ಚಳಿಗಾಲದಲ್ಲಿ ಕಸ ಕಡಿಮೆಯಾದಾಗ ಅವು ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತವೆ, ಕಾಡುಪ್ರಾಣಿಗಳನ್ನು ಅಟ್ಟುತ್ತವೆ, ಕುರಿ ಕೊಲ್ಲುತ್ತವೆ. ಸ್ಪಿತಿಯ ಮೇಲ್ಭಾಗದಲ್ಲಿ ಜಾನುವಾರು ನಷ್ಟದ ದೊಡ್ಡ ಪಾಲು ನಾಯಿಗಳದ್ದೇ ಎಂದು ಅಧ್ಯಯನ ತೋರಿಸಿದೆ.

ಮೇಕೆಗಳಿಂದ ಸಿಗುವ ಪಾಶ್ಮಿನಾ ಉಣ್ಣೆಯ ಕಥೆ ಇನ್ನೂ ಉದ್ದ. ಜಗತ್ತಿನ ಮಾರುಕಟ್ಟೆಯಲ್ಲಿ ಬೇಡಿಕೆ ಏರಿದಂತೆ ಮಂಗೋಲಿಯಾದಲ್ಲೂ ಲಡಾಖ್‌ನ ಚಾಂಗ್‌ಥಾಂಗ್‌ನಲ್ಲೂ ಮೇಕೆಗಳಿಗೆ ಬೆಲೆ ಬಂತು. ಮೇಕೆ ಹೆಚ್ಚಿದರೆ ಹುಲ್ಲು ಸವೆಯುತ್ತದೆ. ಹುಲ್ಲು ಸವೆದರೆ ಕಾಡುಕುರಿ ಕಡಿಮೆ. ಅಲ್ಲಿಗೆ ಚಿರತೆಯ ಮುಂದೆ ಉಳಿಯುವುದು ಮೇಕೆ ಮಾತ್ರ. ಶಾಲು ಕೊಳ್ಳುವ ದೂರದ ನಗರಕ್ಕೂ ಬೆಟ್ಟದ ಚಿರತೆಗೂ ಇರುವ ನಂಟು ಇದು.

ಈಗ ಮೂರನೆಯದು, ಅತ್ಯಂತ ಕಠಿಣವಾದದ್ದು. ಚಾಂಗ್‌ಥಾಂಗ್‌ನ ಪಾಂಗ್ ಪ್ರದೇಶದಲ್ಲಿ 13 ಗಿಗಾವಾಟ್‌ನ ಸೌರ ಮತ್ತು ಗಾಳಿ ವಿದ್ಯುತ್ ಯೋಜನೆ ಬರಲಿದೆ. ಆ ವಿದ್ಯುತ್ತನ್ನು ಹಿಮಾಚಲದ ಮೂಲಕ ಹರಿಯಾಣದ ಕೈತಲ್‌ವರೆಗೆ ಸಾಗಿಸುವ ಲೈನಿಗೆ 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸಮಿತಿ 20,773 ಕೋಟಿ ರೂಪಾಯಿ ವೆಚ್ಚದ ಒಪ್ಪಿಗೆ ಕೊಟ್ಟಿದೆ. ಸರ್ಕಾರದ ವಾದ ತಳ್ಳಿಹಾಕುವಂಥದ್ದಲ್ಲ: ಕಲ್ಲಿದ್ದಲು ಸುಡುವುದು ಕಡಿಮೆಯಾಗದಿದ್ದರೆ ಹಿಮಾಲಯ ಬಿಸಿಯಾಗುತ್ತಲೇ ಇರುತ್ತದೆ. ಮೇಯಿಸುವವರ ಮಾತೂ ಅಷ್ಟೇ ನಿಜ: ಖಾಲಿ ಎಂದು ನಕ್ಷೆಯಲ್ಲಿ ಕಾಣುವ ಆ ಬಯಲು ಅವರ ಹುಲ್ಲುಗಾವಲು. ಹಿಮ ಚಿರತೆ ಆ ಸಪಾಟು ಬಯಲಿನಲ್ಲಿ ಹೆಚ್ಚಾಗಿ ಇರುವುದಿಲ್ಲ, ಹಾಗಾಗಿ ನೇರ ಹೊಡೆತ ಕಡಿಮೆ ಎನ್ನಬಹುದು. ಆದರೆ ಬಯಲು ಹೋದರೆ ಮಂದೆಗಳು ಎಲ್ಲಿಗೆ ಹೋಗುತ್ತವೆ? ಮೇಲಿನ ಇಳಿಜಾರುಗಳಿಗೆ, ಭರಲ್ ಮೇಯುವ ಕಡೆಗೆ. ಆಮೇಲೆ ನಡೆಯುವುದನ್ನು ಮೇಲೆ ಓದಿದ್ದೀರಿ. ಯೋಜನೆ ಬೇಕೋ ಬೇಡವೋ ಎನ್ನುವುದಕ್ಕಿಂತ ಯಾವ ಬಯಲನ್ನು ಬಿಡಬೇಕು ಎಂದು ಮೇಯಿಸುವವರ ಜೊತೆ ಕೂತು ಮೊದಲೇ ತೀರ್ಮಾನಿಸುವುದು ಮುಖ್ಯ. ಕಂಬ ನೆಟ್ಟ ಮೇಲೆ ಆ ಮಾತು ನಡೆಯುವುದಿಲ್ಲ.

ಮುಂದಿನ ಸುದ್ದಿ ಬಂದಾಗ

ದೇಶದ ಎರಡನೇ ಸುತ್ತಿನ ಎಣಿಕೆಯ ಯೋಜನೆಯನ್ನು 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಪ್ರಕಟಿಸಿದೆ. ನಾಲ್ಕು ವರ್ಷಕ್ಕೊಮ್ಮೆ ಎಣಿಸಬೇಕು ಎಂಬುದು ಮೊದಲ ವರದಿಯದ್ದೇ ಸಲಹೆ. ಎರಡನೇ ಲೆಕ್ಕ ಬಂದಾಗ 718ಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಸಂಭ್ರಮ ಆಗುತ್ತದೆ, ಚಿಕ್ಕದು ಬಂದರೆ ಗಾಬರಿ ಆಗುತ್ತದೆ. ಎರಡಕ್ಕೂ ಮೊದಲು ನೋಡಬೇಕಾದದ್ದು ಮೇಲ್ಮಿತಿ ಕೆಳಮಿತಿಗಳು, ಮತ್ತು ಕ್ಯಾಮೆರಾಗಳನ್ನು ಅದೇ ಕಣಿವೆಗಳಲ್ಲಿ ಇಟ್ಟಿದ್ದರೇ ಎಂಬುದು. ಮೊದಲ ಸುತ್ತಿನಲ್ಲಿ ನೋಡದೇ ಬಿಟ್ಟ ಕಣಿವೆಗಳಿಂದಲೇ ಹೊಸ ಸಂಖ್ಯೆ ಬಂದಿದ್ದರೆ ಅದು ಏರಿಕೆಯಲ್ಲ.

ಜೊತೆಗೆ ಇನ್ನೊಂದು ಲೆಕ್ಕವನ್ನೂ ಸರ್ಕಾರಗಳು ಪ್ರಕಟಿಸಬೇಕು ಎಂದು ಕೇಳುವುದು ಸರಿಯಾದ ಬೇಡಿಕೆ: ಎಷ್ಟು ಹಳ್ಳಿಗಳ ದೊಡ್ಡಿಗಳಿಗೆ ಬಲೆ ಬಿತ್ತು, ಎಷ್ಟು ಮನೆಗಳಿಗೆ ವಿಮೆ ಇದೆ, ಸತ್ತ ಯಾಕ್‌ಗೆ ಹಣ ಎಷ್ಟು ದಿನದಲ್ಲಿ ಬಂತು. ಇವುಗಳನ್ನು ಎಣಿಸಲು ಕ್ಯಾಮೆರಾ ಟ್ರ್ಯಾಪ್ ಬೇಕಿಲ್ಲ. 83 ಚಿರತೆಗಳು ಮುಂದಿನ ನಾಲ್ಕು ವರ್ಷ ಉಳಿಯುತ್ತವೆಯೇ ಎನ್ನುವುದನ್ನು ಈ ಲೆಕ್ಕ ಮೊದಲೇ ಹೇಳಬಲ್ಲದು.